ಗಾಳಿಪಾದೆ ಪದವಿನ ಹಸಿರು

ಭೂತ, ಪ್ರೇತ, ಶಾಪ ಎಂಬ ಮಾತು ಬಂದರೆ ನಾನು ಎದ್ದು ಹೋಗುವವನು. ಸುಮ್ಮನೆ ಎದ್ದು ಹೋಗುವುದಷ್ಟೇ ಅಲ್ಲ, ನಂಬುವವರನ್ನು ಹೀಯಾಳಿಸಿದ್ದೂ ಉಂಟು. ನಮ್ಮ ಕಡೆ ಯಾರಾದರೂ ಜ್ವರ ಬಂದು ಬಡಬಡಿಸಿದರೆ, ಗುಡ್ಡೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಏನನ್ನೋ ಕಂಡಿದ್ದಾನೆ ಎಂದು ಹಿರಿಯರು ಪಿಸುಗುಟ್ಟುತ್ತಿದ್ದರು. ನಾನು ಥರ್ಮಾಮೀಟರ್ ತರುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನಂತೂ ನಂಬುತ್ತಿರಲಿಲ್ಲ. ನೀವು ನಂಬಬೇಕೆಂದು ಕೇಳುವುದೂ ಇಲ್ಲ. ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದದ್ದು ಜನ ನಗುತ್ತಾರೆಂದಲ್ಲ. ಈ ಕಥೆಯಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ, ಅದಕ್ಕೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹಂಪನಕಟ್ಟೆಯ ಹತ್ತಿರ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ನಮ್ಮ ಸಣ್ಣ ಕಚೇರಿ ಇತ್ತು. ಭೂಮಿಯ ಸುತ್ತ ಸುತ್ತುವ ಉಪಗ್ರಹ ತೆಗೆದ ಚಿತ್ರಗಳನ್ನು ಹಿಡಿದುಕೊಂಡು, ಮಂಗಳೂರಿನ ಸುತ್ತಲಿನ ಮೇವಿನ ಜಾಗಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿವೆ ಎಂದು ನೋಡುವುದು ನಮ್ಮ ಕೆಲಸ. ಇಲ್ಲಿ ಮೇವಿನ ಜಾಗ ಎಂದರೆ ಪದವುಗಳು: ಕೆಂಪುಕಲ್ಲಿನ ಗುಡ್ಡೆಗಳ ಚಪ್ಪಟೆ ನೆತ್ತಿಗಳು. ಮಣ್ಣು ಗೇಣುದ್ದ ಕೂಡ ಇರುವುದಿಲ್ಲ, ಮರ ಬೇರು ಬಿಡುವುದಿಲ್ಲ. ಆದರೆ ಮಳೆ ಬಿದ್ದರೆ ಹುಲ್ಲು ಮೊಣಕಾಲಿಗೆ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಅದು ಒಣಗಿ ಬಿಳಿಚುತ್ತದೆ, ಏಪ್ರಿಲಿನಲ್ಲಿ ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ.

ಈ ಚಿತ್ರಗಳ ಒಂದು ಗುಣವನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಅವುಗಳಲ್ಲಿ ಬದುಕಿರುವ ಹಸಿರು ಕೆಂಪಾಗಿ ಕಾಣುತ್ತದೆ. ಮನುಷ್ಯನ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಹಸಿರೆಲೆ ಹೆಚ್ಚು ಹಿಂದಕ್ಕೆ ಎಸೆಯುತ್ತದೆ. ಚಿತ್ರದಲ್ಲಿ ಅದಕ್ಕೆ ಕೆಂಪು ಬಣ್ಣ ಕೊಟ್ಟಿರುತ್ತಾರೆ. ತೆಂಗಿನ ತೋಟ, ಗೇರು ತೋಟ ವರ್ಷವಿಡೀ ಕೆಂಪು. ಪದವು ಮಾತ್ರ ಮಳೆಗಾಲ ಮುಗಿದಾಗ ಕೆಂಪು, ಬೇಸಗೆಯಲ್ಲಿ ಬೂದು. ಹಾಗಾಗಿ ಬೇಸಗೆಯ ಒಂದು ಚಿತ್ರ ಸಿಕ್ಕಿದರೆ ಸಾಕು, ಒಂದು ಜಾಗದಲ್ಲಿ ಮರಗಳಿದ್ದವೋ ಬರೀ ಹುಲ್ಲಿತ್ತೋ ಎಂದು ಹೇಳಿಬಿಡಬಹುದು. ನಾವು ಗಾಜಿನ ಮೇಜಿನ ಕೆಳಗೆ ದೀಪ ಹಚ್ಚಿ, ಮೇಲೆ ಚಿತ್ರ ಹರಡಿ, ಭೂತಗನ್ನಡಿ ಹಿಡಿದು ಇಡೀ ದಿನ ಬಗ್ಗಿರುತ್ತಿದ್ದೆವು.

ಒಂದು ದಿನ ಮುಖ್ಯಸ್ಥರು ನನ್ನ ಮೇಜಿನ ಮೇಲೆ ಒಂದು ಕಡತ ಇಟ್ಟರು. ಕೂಳೂರಿನಿಂದ ಒಳಗೆ ಗಾಳಿಪಾದೆ ಎಂಬ ಪದವು. ಅದು ತನ್ನ ತಂದೆಯ ಕಾಲದಿಂದ ಗೇರು ತೋಟವಾಗಿತ್ತು, ಮರ ಹಳತಾದ್ದರಿಂದ ಈಚೆಗೆ ಕಡಿಸಿದ್ದು ಎಂದು ಒಬ್ಬ ಜಮೀನುದಾರರ ವಾದ. ಅಲ್ಲ, ಅದು ನಾವು ದನ ಮೇಯಿಸುತ್ತಿದ್ದ ಜಾಗ ಎಂದು ಊರವರ ಅರ್ಜಿ. ವಿಚಾರಣೆ ನಡೆಸುವ ಅಧಿಕಾರಿ ಹತ್ತು ವರ್ಷದ ಚಿತ್ರ ನೋಡಿ ವರದಿ ಕೊಡಿ ಎಂದು ನಮಗೆ ಬರೆದಿದ್ದರು. ಜಮೀನುದಾರರ ಹೆಸರನ್ನು ಎರಡು ಸಲ ಓದಿದೆ. ದೂಮಣ್ಣ ಧಣಿ.

ನನ್ನನ್ನು ಸಾಕಿದ್ದು ನನ್ನ ದೊಡ್ಡಮ್ಮ ಕಲ್ಯಾಣಿ. ಅಪ್ಪ ಅಮ್ಮ ಇಬ್ಬರೂ ನನಗೆ ಬುದ್ಧಿ ಬರುವ ಮೊದಲೇ ತೀರಿಹೋಗಿದ್ದರು. ದೊಡ್ಡಮ್ಮನಿಗೆ ಐದು ದನಗಳಿದ್ದವು. ಬೆಳಗಾಗುವ ಮೊದಲೇ ಹಾಲು ಕರೆದು, ತಲೆಯ ಮೇಲೆ ಹೊತ್ತು, ಕೂಳೂರು ಹೊಳೆಯ ಸಂಕ ದಾಟಿ ಬಂದು ಪೇಟೆಯ ಹೋಟೆಲುಗಳಿಗೆ ಕೊಟ್ಟು ಹೋಗುತ್ತಿದ್ದಳು. ನಾನು ಎಂ.ಎಸ್ಸಿ. ಓದಿದ್ದು ಆ ಹಾಲಿನಿಂದ. ಆ ದನಗಳು ಮೇಯುತ್ತಿದ್ದದ್ದು ಗಾಳಿಪಾದೆಯಲ್ಲಿ.

ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಧಣಿ ಪದವಿನ ಸುತ್ತ ಕೆಂಪುಕಲ್ಲಿನ ಗೋಡೆ, ಪಾಗಾರ, ಕಟ್ಟಿಸಿದರು. ದನಗಳಿಗೆ ಪಾಗಾರದ ಅರ್ಥ ಗೊತ್ತಾಗಬೇಕಲ್ಲ; ಕಲ್ಲು ಜರಿದ ಕಡೆಯಿಂದ ಅಭ್ಯಾಸದಂತೆ ಒಳಗೆ ಹೋದವು. ಧಣಿಯ ಆಳುಗಳು ಐದನ್ನೂ ಅಟ್ಟಿಕೊಂಡು ಹೋಗಿ, ಕಲ್ಲು ಕಡಿದು ಬಿಟ್ಟ ಒಂದು ಆಳವಾದ ಕೋರೆಯಲ್ಲಿ ಇಳಿಸಿ, ದಾರಿಗೆ ಅಡ್ಡ ಕಲ್ಲಿಟ್ಟರು. ಅದು ಏಪ್ರಿಲ್ ತಿಂಗಳು. ನೆರಳಿಲ್ಲ, ನೀರಿಲ್ಲ. ದೊಡ್ಡಮ್ಮ ಮೂರು ದಿನ ಧಣಿಯ ಮನೆಯ ಮುಂದೆ ನಿಂತಳು. "ಪದವು ನನ್ನದು, ದನ ನಿನ್ನದು. ತಪ್ಪು ಯಾರದ್ದು, ನೀನೇ ಹೇಳು" ಎಂದರಂತೆ ಧಣಿ. ನಾಲ್ಕನೆಯ ದಿನ ಕಲ್ಲು ತೆಗೆದಾಗ ಎರಡು ದನ ಮಾತ್ರ ಎದ್ದು ಬಂದವು. ಸತ್ತ ಮೂರರಲ್ಲಿ ಒಂದು ಬೊಳ್ಳಿ, ಬಿಳಿ ದನ, ಎಡಗೊಂಬು ಅರ್ಧಕ್ಕೆ ಮುರಿದದ್ದು. ದೊಡ್ಡಮ್ಮ ನನಗೆ ಬರೆಸಿದ ಪತ್ರದಲ್ಲಿ ಇಷ್ಟೇ ಇತ್ತು: "ಬೊಳ್ಳಿ ಹೋಯಿತು. ನೀನು ಓದು." ಆ ಪತ್ರ ಓದಿದ ದಿನದಿಂದ ಧಣಿಯ ಮೇಲಿನ ಸಿಟ್ಟು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ನಾನು ಊಟ ಮಾಡುವಾಗಲೂ ಅದು ಅಲ್ಲೇ, ನಿದ್ರೆ ಮಾಡುವಾಗಲೂ ಅಲ್ಲೇ.

ಈಗ ಅವರ ಕಡತ ನನ್ನ ಮೇಜಿನ ಮೇಲೆ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಮುಖ್ಯಸ್ಥರಿಗೂ ಗೊತ್ತಿರಲಿಲ್ಲ. ಹೇಳಬೇಕಿತ್ತು, ಹೇಳಿದರೆ ಕಡತ ಬೇರೆಯವರ ಕೈಗೆ ಹೋಗುತ್ತಿತ್ತು. ಅದಕ್ಕೇ ಹೇಳಲಿಲ್ಲ. ಹಳೆಯ ಬೇಸಗೆ ಚಿತ್ರಗಳನ್ನು ತೆಗೆದು ನೋಡಿದೆ. ದೊಡ್ಡದು ಮಾಡಿದ ಚಿತ್ರದಲ್ಲಿ ಗಾಳಿಪಾದೆ ಕಿರುಬೆರಳ ಉಗುರಿನಷ್ಟು. ಎಪ್ಪತ್ತರ ದಶಕದ ಆರಂಭದ ಚಿತ್ರದಲ್ಲಿ ಬೂದು. ಅದರ ನಂತರದ್ದರಲ್ಲಿ ಬೂದು. ಪಾಗಾರ ಕಟ್ಟಿದ ಮೇಲಿನದ್ದರಲ್ಲೂ ಬೂದು. ಒಂದು ಗೇರು ತೋಪಿನ ಕೆಂಪೂ ಇಲ್ಲ. ಧಣಿ ಹೇಳಿದ್ದು ಅಪ್ಪಟ ಸುಳ್ಳು. ಆ ಸಂಜೆ ನಾನು ಬಸ್ಸಿಗೆ ಕಾಯದೆ, ಒಬ್ಬನೇ ನಗುತ್ತಾ, ಕೊಟ್ಟಾರದವರೆಗೆ ನಡೆದುಕೊಂಡೇ ಹೋದೆ.

ವರದಿ ಪೂರ್ತಿಯಾಗಬೇಕಾದರೆ ಜಾಗಕ್ಕೆ ಹೋಗಿ ನೋಡಬೇಕು. ಉಪಗ್ರಹ ನಮ್ಮ ಮೇಲಿಂದ ಹಾದುಹೋಗುವ ದಿನವೇ ಹೋದರೆ ಒಳ್ಳೆಯದು. ನೆಲದಲ್ಲಿ ಕಂಡದ್ದನ್ನೂ ಚಿತ್ರದಲ್ಲಿ ಕಂಡದ್ದನ್ನೂ ತಾಳೆ ನೋಡಬಹುದು. ಅಂಥ ಒಂದು ದಿನ ಏಪ್ರಿಲಿನಲ್ಲಿ ಬಂತು. ಜಾಗದ ಒಡೆತನ ಹೇಳುವವರೂ ಹಾಜರಿರಬೇಕೆಂದು ಧಣಿಗೆ ಪತ್ರ ಹೋಗಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ನಾನು ಪದವಿನ ಮೇಲಿದ್ದೆ. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ನೆಲ ಕಾವಲಿಯ ಹಾಗೆ ಕಾಯುತ್ತಿತ್ತು. ದೂರದಲ್ಲಿ ಪಣಂಬೂರಿನ ಬಂದರಿನ ಕ್ರೇನುಗಳು ಬಿಸಿಗಾಳಿಯಲ್ಲಿ ನಡುಗುತ್ತಿದ್ದವು. ನಾನು ಒಂದು ಮೀಟರ್ ಚೌಕದ ಮರದ ಚೌಕಟ್ಟನ್ನು ನೆಲದ ಮೇಲಿಟ್ಟು, ಅದರೊಳಗಿನ ಹುಲ್ಲನ್ನು ಕತ್ತಿಯಿಂದ ಸವರಿ, ಕಾಗದದ ಚೀಲಕ್ಕೆ ತುಂಬಿಸಿ, ಮೇಲೆ ತಾರೀಕು ಬರೆದೆ. ಹೀಗೆ ನಾಲ್ಕು ಕಡೆ ಮಾಡಿದೆ. ನಾಲ್ಕೂ ಕಡೆ ಹುಲ್ಲು ಕೈಯಲ್ಲೇ ಪುಡಿಯಾಗುತ್ತಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಾನು ಅದನ್ನು ಮುಟ್ಟಿದ್ದೇನೆ, ತೂಗಿದ್ದೇನೆ.

ಧಣಿ ಕಾರನ್ನೂ ಡ್ರೈವರನ್ನೂ ಗುಡ್ಡೆಯ ಬುಡದಲ್ಲೇ ಬಿಟ್ಟು ಕೊಡೆ ಹಿಡಿದು ಹತ್ತಿ ಬಂದರು. ಅರವತ್ತು ದಾಟಿದ್ದರೂ ಗಟ್ಟಿ ಆಳು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ. ನನ್ನ ಚೀಲ, ಚೌಕಟ್ಟು ನೋಡಿ ನಕ್ಕರು.

"ಎಂತ ಮಾರಾಯ್ರೆ, ಹುಲ್ಲು ಕೊಯ್ಯಲಿಕ್ಕೆ ಸರ್ಕಾರದ ಸಂಬಳವಾ?"

"ಹಾಗೇ ಧಣಿ. ಮೇಲಿಂದ ಇನ್ನು ಸ್ವಲ್ಪ ಹೊತ್ತಿನಲ್ಲಿ ಫೋಟೋ ತೆಗೀತದೆ. ನಾವು ನಿಂತ ಜಾಗದ್ದೇ."

ಅವರು ಕೊಡೆ ಸರಿಸಿ ಆಕಾಶ ನೋಡಿದರು. "ಎಲ್ಲಿ ಉಂಟು? ಕಾಣುದಿಲ್ಲವಲ್ಲ."

"ಕಾಣುದಿಲ್ಲ. ಅದಕ್ಕೆ ನಾವು ಕಾಣ್ತೇವೆ."

ನಾನು ಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತು ಬರೆದೆ: ಒಂಬತ್ತು ಮೂವತ್ತೈದು. ತಲೆ ಎತ್ತಿದಾಗ ಧಣಿ ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನೆಲ ನೋಡುತ್ತಾ ನಿಂತಿದ್ದರು.

"ಇಲ್ಲಿಗೆ ನೀರು ಬಿಟ್ಟದ್ದು ಯಾರು?" ಎಂದರು.

ಪದವಿನ ಮೇಲೆ ನೀರು ಎಲ್ಲಿಂದ ಬರಬೇಕು? ನನಗೆ ಅರ್ಥವಾಗಲಿಲ್ಲ. ಅವರು ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಗದ್ದೆಯ ಹುಲ್ಲಿನಲ್ಲಿ ನಡೆಯುವವರ ಹಾಗೆ ಕಾಲು ಎತ್ತಿ ಎತ್ತಿ ಇಟ್ಟರು. "ಇಷ್ಟು ಹಸಿ ಹುಲ್ಲು! ಈ ಬೇಸಗೆಯಲ್ಲಿ! ನೋಡಿ, ಮೊಣಕಾಲಿಗೆ ಬರ್ತದೆ." ನಾನು ನೋಡಿದ್ದು ಒಣಹುಲ್ಲನ್ನು, ಕೆಂಪುಕಲ್ಲನ್ನು. ಬಿಸಿಲು ತಲೆಗೇರಿದೆ ಎಂದುಕೊಂಡೆ.

ಆಮೇಲೆ ಅವರು ಪಕ್ಕಕ್ಕೆ ಸರಿದರು. ದಾರಿಯಲ್ಲಿ ದನ ಬಂದಾಗ ನಾವು ಸರಿಯುತ್ತೇವಲ್ಲ, ಮೈ ಸ್ವಲ್ಪ ವಾರೆ ಮಾಡಿ, ಹಾಗೆ. ಇನ್ನೊಮ್ಮೆ ಸರಿದರು. ಹಿಂದೆ ಹಿಂದೆ ಹೋಗಿ ಪಾಗಾರಕ್ಕೆ ಬೆನ್ನು ತಾಗಿಸಿ ನಿಂತರು. ಕೊಡೆ ಕೈಯಿಂದ ಹಾರಿ ಬಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ.

"ಇವು ಯಾರ ದನ?" ಎಂದು ಕೂಗಿದರು. "ಒಳಗೆ ಬಿಟ್ಟದ್ದು ಯಾರು? ಹೇಯ್, ಅಟ್ಟಿ ಮಾರಾಯ್ರೆ, ಅಟ್ಟಿ! ಮೈಮೇಲೆ ಬರ್ತಾ ಉಂಟು!"

"ಎಷ್ಟು ದನ ಉಂಟು ಧಣಿ?" ನಾನು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು.

"ಮೂರು. ಒಂದು ಬಿಳಿಯದ್ದು, ಎಡದ ಕೊಂಬು ತುಂಡು. ಅದರ ಹಿಂದೆ ಸಣ್ಣ ಕರು ಉಂಟು, ಹಾಲು ಕುಡೀತಾ ಉಂಟು. ನಿಮಗೆ ಕಾಣುದಿಲ್ಲವಾ? ನಿಮ್ಮ ಎದುರೇ ಉಂಟಲ್ಲ!"

ನನ್ನ ಎದುರು ಏನೂ ಇರಲಿಲ್ಲ. ಆದರೆ ಆ ಉರಿಬಿಸಿಲಿನಲ್ಲಿ ನನ್ನ ಮೈಯ ರೋಮ ನೆಟ್ಟಗಾಯಿತು. ಅದು ಹೆದರಿಕೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆದರಿಕೆ ಒಂದು ಕ್ಷಣ ಇತ್ತು. ಅದರ ಹಿಂದೆಯೇ ಸಂತೋಷ ಬಂತು. ಇಷ್ಟು ವರ್ಷಗಳ ಮೇಲೆ ಇವನ ಮನಸ್ಸೇ ಇವನನ್ನು ಹಿಡಿದು ತಿನ್ನುತ್ತಿದೆ, ತಿನ್ನಲಿ ಎಂದುಕೊಂಡೆ.

ಅವರು ಪಾಗಾರದ ಬುಡದಲ್ಲಿ ಕುಸಿದು ಕೂತರು. ಸುತ್ತಲೂ ಅಡ್ಡಗಟ್ಟಿ ಕೂಡಿಹಾಕಿದವರ ಹಾಗೆ, ಕಾಲು ಮಡಚಿ, ಕೈಗಳನ್ನು ಮುಖದ ಮುಂದೆ ಹಿಡಿದಿದ್ದರು. ಪಂಚೆಯ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಅದಕ್ಕೆ ಹುಲ್ಲಿನ ಬೀಜ ಅಂಟಿಕೊಂಡಿತ್ತು. ಒದ್ದೆಯಾದದ್ದನ್ನು ನಾನು ಕಣ್ಣಾರೆ ಕಂಡೆ. ಹೆದರಿ ಹಾಗಾಯಿತೆಂದು ತಿಳಿದು ಒಳಗೊಳಗೇ ನಕ್ಕೆ. ಈಗ ಯೋಚಿಸಿದರೆ, ಹೆದರಿದವನ ಪಂಚೆ ಒದ್ದೆಯಾಗುವುದು ಅಂಚಿನಿಂದ ಮೇಲಕ್ಕಲ್ಲ.

"ನೀರು ಉಂಟಾ?" ಎಂದು ಕೇಳಿದರು. "ಗಂಟಲು ಒಣಗ್ತಾ ಉಂಟು. ಒಂದು ಗುಟುಕು ನೀರು ಕೊಡಿ ಮಾರಾಯ್ರೆ. ಇವು ನನ್ನನ್ನು ಏಳಲಿಕ್ಕೆ ಬಿಡುದಿಲ್ಲ."

ನನ್ನ ಚೀಲದಲ್ಲಿ ಅರ್ಧ ಬಾಟಲಿ ನೀರಿತ್ತು.

"ಇಲ್ಲ ಧಣಿ, ನೀರಿಲ್ಲ" ಎಂದೆ.

ಚೌಕಟ್ಟು, ಚೀಲ ಎತ್ತಿಕೊಂಡು ನಾನು ಇಳಿದು ಬಂದೆ. ಬುಡದಲ್ಲಿ ಅವರ ಡ್ರೈವರ್ ಕಾರಿನ ನೆರಳಿನಲ್ಲಿ ಮಲಗಿದ್ದ. ಅವನನ್ನು ಎಬ್ಬಿಸಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೆದ್ದಾರಿಗೆ ಬಂದು, ಸುರತ್ಕಲ್‌ನಿಂದ ಬರುತ್ತಿದ್ದ ಬಸ್ಸಿಗೆ ಕೈ ತೋರಿಸಿ ಹತ್ತಿದೆ. ಕಿಟಕಿಯ ಪಕ್ಕ ಕೂತು ಬಾಟಲಿಯ ನೀರನ್ನು ಪೂರ್ತಿ ಕುಡಿದೆ. ಧಣಿಯನ್ನು ಮಧ್ಯಾಹ್ನ ಮೂರರ ಮೇಲೆ ಡ್ರೈವರ್ ಹುಡುಕಿ ಹೊತ್ತು ತಂದನೆಂದು ನನಗೆ ಮರುದಿನ ತಿಳಿಯಿತು. ಜೀವ ಉಳಿದಿತ್ತು.

ಅದೇ ಸಂಜೆ ದೊಡ್ಡಮ್ಮನ ಮನೆಗೆ ಹೋದೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವಳು ಬೀಡಿ ಕಟ್ಟುತ್ತಾ ಕೂತಿದ್ದಳು. ಉಳಿದೆರಡು ದನಗಳೂ ಹೋದ ಮೇಲೆ ಅವಳಿಗೆ ಅದೇ ಕೆಲಸ. ನಾನು ಉತ್ಸಾಹದಿಂದ ಎಲ್ಲವನ್ನೂ ಹೇಳಿದೆ. ಧಣಿ ಪಾಗಾರದ ಬುಡದಲ್ಲಿ ಕೂತದ್ದು, ನೀರು ಕೇಳಿದ್ದು, ನಾನು ಇಲ್ಲವೆಂದದ್ದು.

"ಒಳ್ಳೆದಾಯ್ತು" ಎಂದಳು ದೊಡ್ಡಮ್ಮ. ಅವಳ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ಬೆಳಕಿತ್ತು. "ಮೂರು ದಿನ ಕೂರಬೇಕಿತ್ತು ಅವನು. ಮತ್ತೆಂತ ಹೇಳಿದ?"

"ಬಿಳಿ ದನ, ಮುರಿದ ಕೊಂಬು ಎಂದ. ಅದರ ಜೊತೆ ಒಂದು ಕರು ಹಾಲು ಕುಡಿಯುತ್ತಾ ಉಂಟು ಎಂದ. ಅದೊಂದು ತಪ್ಪು ಹೇಳಿದ. ಬೊಳ್ಳಿಗೆ ಆಗ ಕರು ಎಲ್ಲಿತ್ತು?"

ಅವಳ ಬೆರಳುಗಳು ನಿಂತವು. ಎಲೆ, ಹೊಗೆಸೊಪ್ಪು ಮೊರದೊಳಗೆ ಬಿದ್ದವು.

"ಗಬ್ಬ ಇತ್ತು" ಎಂದಳು. "ಮೂರು ತಿಂಗಳದ್ದು. ಹೊರಗೆ ಕಾಣುವಂಥದ್ದಲ್ಲ. ನನಗೊಬ್ಬಳಿಗೆ ಗೊತ್ತಿತ್ತು. ಇನ್ನೂ ನಾಲ್ಕು ದಿನ ಹೋಗಲಿ ಎಂದು ಯಾರಿಗೂ ಹೇಳಿರಲಿಲ್ಲ."

ಬಿದ್ದ ಎಲೆಯನ್ನು ಎತ್ತಿ ಮೊರದ ಅಂಚಿಗಿಟ್ಟಳು. ಆಮೇಲೆ ಕೇಳಿದಳು, "ಹೆಣ್ಣು ಕರುವಾ, ಗಂಡಾ?"

ನಾನು ಕೇಳಿರಲಿಲ್ಲ. ಹಾಗೆಂದು ಹೇಳಿದೆ. ಅವಳು ತಲೆಯಾಡಿಸಿ ಎದ್ದು ಒಳಗೆ ಹೋದಳು.

ಉಪಗ್ರಹದ ಚಿತ್ರಗಳು ಬರಲು ಆಗ ತಿಂಗಳುಗಳೇ ಹಿಡಿಯುತ್ತಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಹೈದರಾಬಾದಿನಿಂದ ರಟ್ಟಿನ ಕೊಳವೆ ಬಂತು. ಮುಖ್ಯಸ್ಥರು ರಜೆಯಲ್ಲಿದ್ದರು. ನಾನೊಬ್ಬನೇ ಅದನ್ನು ಬಿಚ್ಚಿ ದೀಪದ ಮೇಜಿನ ಮೇಲೆ ಹರಡಿದೆ. ಮೋಡವಿಲ್ಲದ, ಸ್ವಚ್ಛವಾದ ಚಿತ್ರ. ನದಿ ಕಂಡಿತು, ಬಂದರಿನ ಚೌಕ ಕಂಡಿತು, ಕರಾವಳಿಯುದ್ದಕ್ಕೂ ತೆಂಗಿನ ಕೆಂಪು ಪಟ್ಟಿ ಕಂಡಿತು. ಪದವುಗಳೆಲ್ಲ ಬೇಸಗೆಯ ಬೂದು ಬಣ್ಣದಲ್ಲಿದ್ದವು, ಒಂದನ್ನು ಬಿಟ್ಟು.

ಗಾಳಿಪಾದೆ ಕೆಂಪಗಿತ್ತು.

ಎಂಥ ಕೆಂಪೆಂದರೆ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಹುಲ್ಲು ಎಳೆಯದಾಗಿರುವಾಗ ಕಾಣುವ ಕೆಂಪು. ಭೂತಗನ್ನಡಿ ಹಿಡಿದು ನೋಡಿದೆ. ಪಾಗಾರ ಎಲ್ಲಿ ಮುಗಿಯುತ್ತದೋ ಅಲ್ಲೇ ಕೆಂಪೂ ಮುಗಿದಿತ್ತು, ಆಚೆ ಬೂದು. ಚಿತ್ರದ ಮೂಲೆಯಲ್ಲಿ ತಾರೀಕು ನೋಡಿದೆ, ಅದೇ ದಿನ. ನನ್ನ ಪುಸ್ತಕ ತೆಗೆದು ಹೊತ್ತು ನೋಡಿದೆ. ಕಪಾಟಿನಿಂದ ಹುಲ್ಲಿನ ಚೀಲಗಳನ್ನು ತೆಗೆದು ಬಿಚ್ಚಿದೆ. ಒಣಪುಡಿ. ಬಂದರಿನ ಕಡೆ ಮಳೆ ಅಳೆಯುವವರನ್ನು ವಿಚಾರಿಸಿದೆ. ಆ ತಿಂಗಳಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ನಾನು ನೆಲದ ಮೇಲೆ ನಿಂತು, ಕೈಯಲ್ಲಿ ಮುಟ್ಟಿ, ಒಣಹುಲ್ಲು ಕಂಡಿದ್ದೆ. ಧಣಿ ಹಸಿರು ಕಂಡಿದ್ದರು. ಯಾರ ಪರವೂ ಅಲ್ಲದ, ದನ ಎಂದರೇನೆಂದೂ ತಿಳಿಯದ ಒಂದು ಯಂತ್ರ ಅಷ್ಟು ಎತ್ತರದಿಂದ ನೋಡಿ, ಧಣಿ ಕಂಡದ್ದನ್ನೇ ಕಂಡಿತ್ತು.

ಮೇಜಿನ ದೀಪ ಆರಿಸಿದೆ. ಸ್ವಲ್ಪ ಸುಧಾರಿಸಿದ ಮೇಲೆ ಇನ್ನೊಂದು ವಿಚಾರ ಹೊಳೆಯಿತು. ಬೇಸಗೆಯಲ್ಲಿ ಕೆಂಪು ಎಂದರೆ ಮರ; ಮರವೇ ಇಲ್ಲದ ದಿನ ಕೆಂಪು ಬಿದ್ದರೆ ಹಳೆಯ ಚಿತ್ರಗಳ ಬೂದನ್ನೂ ಯಾರೂ ನಂಬಲಿಕ್ಕಿಲ್ಲ. ಈ ಚಿತ್ರ ವಿಚಾರಣೆಗೆ ಹೋದರೆ ಧಣಿಯ ವಕೀಲ ಇದನ್ನೇ ಎತ್ತಿ ಹಿಡಿಯುತ್ತಾನೆ, ಪದವು ಧಣಿಯದ್ದಾಗುತ್ತದೆ. ಬಂದ ಚಿತ್ರಗಳನ್ನು ಬರೆದಿಡುವ ಪುಸ್ತಕ ತೆಗೆದು, ಅದರ ಸಾಲಿನ ಮುಂದೆ ಬರೆದೆ: "ಮೋಡ ಕವಿದಿದೆ. ಉಪಯೋಗಕ್ಕೆ ಬಾರದು." ಚಿತ್ರವನ್ನು ಸುರುಳಿ ಸುತ್ತಿ ಮನೆಗೆ ಒಯ್ದೆ. ನನ್ನ ಉದ್ಯೋಗದಲ್ಲಿ ನಾನು ಬರೆದ ಸುಳ್ಳು ಅದೊಂದೇ. ಊರವರ ಜಾಗ ಉಳಿಸಲಿಕ್ಕೆ ಬರೆದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ವಿಚಾರಣೆಯಲ್ಲಿ ಉಳಿದ ಚಿತ್ರಗಳು ಸಾಕಾದವು. ಧಣಿಯ ವಕೀಲ ಮಾತಾಡಿದ. ಧಣಿ ಕಿಟಕಿ ಕಡೆ ನೋಡುತ್ತಿದ್ದರು. ಗಾಳಿಪಾದೆ ಮೇವಿನ ಜಾಗವೆಂದು ತೀರ್ಮಾನವಾಯಿತು. ಊರವರು ಪಾಗಾರವನ್ನು ಎರಡು ಕಡೆ ಒಡೆದರು.

ಅದಾಗಿ ಕೆಲವು ವಾರಗಳಲ್ಲಿ ಧಣಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಮೈ ಅರ್ಧಕ್ಕಿಳಿದಿತ್ತು. ಅಂಗಿಯ ಗುಂಡಿ ತಪ್ಪಿ ಹಾಕಿದ್ದರು. ನನ್ನ ಎದುರು ಕೂತು, ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

"ಆ ದಿನದ ಫೋಟೋ ಬಂತಾ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಜಾಗ ಹೋಗ್ಲಿ, ಜಾಗದ ಮಾತು ಬೇಡ. ಮನೆಯಲ್ಲಿ ಎಲ್ಲರೂ ನನಗೆ ಮರುಳು ಹಿಡಿದಿದೆ ಅಂತಾರೆ. ಮಕ್ಕಳು ಡಾಕ್ಟರ ಹತ್ತಿರ ಕರಕೊಂಡು ಹೋದ್ರು. ಪೇಟೆಯಲ್ಲಿ ನನ್ನದೊಂದು ಲಾಡ್ಜ್ ಉಂಟಲ್ಲ, ಅದರ ಬೀಗದ ಕೈ ತೆಗೆದುಕೊಂಡಿದ್ದಾರೆ. ನಾನು ಕಂಡದ್ದು ಸತ್ಯ ಮಾರಾಯ್ರೆ. ಹುಲ್ಲು ಹಸಿ ಇತ್ತು. ಮೇಲಿಂದ ಫೋಟೋ ತೆಗೀತದೆ ಅಂತ ನೀವೇ ಹೇಳಿದ್ದಲ್ವಾ? ಅದರಲ್ಲಿ ಹಸಿರು ಇದ್ರೆ ಸಾಕು. ಹೆಂಡತಿಗೆ ಒಂದು ಸಲ ತೋರಿಸ್ತೇನೆ, ಅಷ್ಟೇ."

ಈಗ ವಿಚಾರಣೆ ಮುಗಿದಿತ್ತು, ಜಾಗ ಉಳಿದಿತ್ತು. ನಿಜ ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ.

"ಆ ದಿನ ಮೋಡ ಇತ್ತು ಧಣಿ. ಫೋಟೋದಲ್ಲಿ ಏನೂ ಬೀಳಲಿಲ್ಲ."

"ಮೋಡವಾ?" ಅವರು ನನ್ನ ಮುಖ ನೋಡಿದರು. "ಆಕಾಶ ನಾನೇ ನೋಡಿದ್ದೇನಲ್ಲ. ಒಂದು ತುಂಡು ಮೋಡ ಇರಲಿಲ್ಲ."

"ಅದೂ ನಿಮಗೆ ಹಾಗೆ ಕಂಡದ್ದಿರಬೇಕು."

ಆ ಮಾತು ಅವರಿಗೆ ಎಲ್ಲಿ ತಾಗಿತೆಂದು ನಾನು ಕಂಡೆ. ನನಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. "ನಾನು ಯಾರು ಗೊತ್ತುಂಟಾ? ಕಲ್ಯಾಣಿಯ ಮಗ. ಹಾಲಿನ ಕಲ್ಯಾಣಿ" ಎಂದೆ. ಅವರು ನಾಚಬಹುದು, ಹೆದರಬಹುದು ಎಂದು ಕಾದಿದ್ದೆ. ಅವರ ಮುಖ ಅರಳಿತು.

"ಹಾಗಾದ್ರೆ ನಿಮಗೆ ಗೊತ್ತಿರಬೇಕಲ್ಲ! ಆ ಬಿಳಿ ದನ, ಎಡಗೊಂಬು ತುಂಡಾದದ್ದು, ನಿಮ್ಮದೇ ಅಲ್ವಾ? ನಾನು ಕೋರೆಯ ಹತ್ತಿರ ಹೋದವನೇ ಅಲ್ಲ. ಆಳುಗಳು ಕೂಡಿಹಾಕಿದ್ದು, ಆಳುಗಳು ಮಣ್ಣು ಹಾಕಿದ್ದು. ಅದು ಬದುಕಿದ್ದಾಗ ನಾನು ನೋಡಿದ್ದೇ ಇಲ್ಲ. ಹೌದು ಅಂತ ಒಂದು ಮಾತು ಹೇಳಿ. ಹಾಗಾದ್ರೆ ನನಗೆ ಮರುಳಲ್ಲ."

ಎರಡೂ ಕೈ ಜೋಡಿಸಿದ್ದರು. ದೂಮಣ್ಣ ಧಣಿ ನನಗೆ ಕೈ ಮುಗಿದು ಕೂತಿದ್ದರು. ದೊಡ್ಡಮ್ಮ ಮೂರು ದಿನ ಅವರ ಮನೆಯ ಮುಂದೆ ಕೈ ಮುಗಿದು ನಿಂತದ್ದು ನನ್ನ ಕಣ್ಣಿಗೆ ಕಟ್ಟಿತು.

"ಅಂಥ ದನ ನಮ್ಮಲ್ಲಿ ಇರಲೇ ಇಲ್ಲ" ಎಂದೆ.

ಅವರು ಎದ್ದರು. ಬಾಗಿಲ ಹತ್ತಿರ ಒಮ್ಮೆ ತಿರುಗಿ, ಏನೋ ಕೇಳಲು ಬಾಯಿ ತೆರೆದು, ಕೇಳದೆ ಇಳಿದು ಹೋದರು. ಕರು ಹೆಣ್ಣೋ ಗಂಡೋ ಎಂದು ಕೇಳಬೇಕೆಂದು ನನಗೆ ನೆನಪಾದದ್ದು ಅವರು ಬೀದಿ ದಾಟಿದ ಮೇಲೆ.

ಆಮೇಲೆ ಅವರು ಮನೆಯಿಂದ ಹೊರಗೆ ಬಂದದ್ದು ಕಡಿಮೆ. ಕಂಡ ಕಂಡವರಿಗೆ ಹೇಳುತ್ತಿದ್ದವರು, ನನ್ನಲ್ಲಿಗೆ ಬಂದು ಹೋದ ಮೇಲೆ ಮಾತೇ ಬಿಟ್ಟರಂತೆ. ಎರಡು ವರ್ಷದ ನಂತರ ತೀರಿಕೊಂಡರು. ದೊಡ್ಡಮ್ಮನಿಗೆ ಸುದ್ದಿ ಹೇಳಿದಾಗ, "ಹೂಂ" ಎಂದಳು. ಆ ಚಿತ್ರದ ವಿಷಯ ಅವಳಿಗೆ ನಾನು ಹೇಳಲೇ ಇಲ್ಲ.

ಅವರು ಸತ್ತ ಮೇಲೆ ನನಗೆ ಏನಾಯಿತೋ, ಒಂದು ಭಾನುವಾರ ಸುರುಳಿ ಹಿಡಿದುಕೊಂಡು ಧಣಿಯ ಮನೆಗೆ ಹೋದೆ. ಅವರ ಹೆಂಡತಿ ಸುಮತಿಯಮ್ಮ ಚಾವಡಿಯಲ್ಲಿ ಕೂರಿಸಿ, ಬೆಲ್ಲ ನೀರು ತಂದಿಟ್ಟರು. ನಾನು ಲೋಟ ಮುಟ್ಟದೆ ಚಿತ್ರ ಬಿಡಿಸಿ ತೋರಿಸಿದೆ. ಇದು ನದಿ, ಇದು ಬಂದರು, ಇದು ಗಾಳಿಪಾದೆ. ಕೆಂಪು ಎಂದರೆ ಹಸಿರು. ಆ ದಿನ ಅವರು ಕಂಡದ್ದು ಇದರಲ್ಲಿ ಉಂಟು. ಅವರಿಗೆ ಮರುಳು ಹಿಡಿದಿರಲಿಲ್ಲ ಎಂದೆ. ಆ ದನ ನಮ್ಮದೇ ಎಂದೂ ಹೇಳಿದೆ.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆರಳಿನಿಂದ ಕೆಂಪು ಜಾಗವನ್ನು ಮುಟ್ಟಿದರು.

"ಇದು ನಿಮ್ಮ ಹತ್ತಿರ ಯಾವಾಗಿಂದ ಉಂಟು?"

ಹೇಳಿದೆ.

"ಅವರು ನಿಮ್ಮಲ್ಲಿಗೆ ಬಂದಾಗ ಇತ್ತಾ?"

"ಇತ್ತು."

ಅವರು ಅಳಲಿಲ್ಲ, ಬೈಯಲೂ ಇಲ್ಲ. ಚಿತ್ರವನ್ನು ಜಾಗ್ರತೆಯಿಂದ ಸುತ್ತಿ ನನ್ನ ಕೈಗೆ ಕೊಟ್ಟರು. "ಇದು ಈಗ ನನಗೆ ಎಂತಕ್ಕೆ?" ಎಂದರು. "ನೀರು ಕುಡಿದು ಹೋಗಿ. ಬಿಸಿಲು ಉಂಟು."

ನಾನು ಕುಡಿದೆ. ಲೋಟ ಬರಿದಾಗುವವರೆಗೆ ಅವರು ಎದುರು ನಿಂತಿದ್ದರು.

ಮುಂದೆ ಈ ವಿದ್ಯೆ ಬಲ್ಲ ಕೆಲವರಿಗೆ, ಹಿನ್ನೆಲೆ ಹೇಳದೆ, ಆ ಚಿತ್ರ ತೋರಿಸಿದ್ದೇನೆ. ಫಿಲ್ಮ್ ತೊಳೆಯುವಾಗ ಆದ ದೋಷ ಎಂದರು ಒಬ್ಬರು. ಕಳಿಸುವಾಗ ಅಂಕಿಗಳು ಹೆಚ್ಚುಕಡಿಮೆಯಾಗಿರಬೇಕು ಎಂದರು ಇನ್ನೊಬ್ಬರು. ಇರಬಹುದು. ಆದರೆ ದೋಷ ಪಾಗಾರದ ಗೆರೆ ಹಿಡಿದು ಬರುತ್ತದೆಯೇ? ಧಣಿಯ ವಿಷಯವನ್ನು ಒಬ್ಬ ವೈದ್ಯ ಮಿತ್ರನಿಗೆ ಯಾರದ್ದೋ ಕಥೆಯೆಂಬಂತೆ ಹೇಳಿದಾಗ, ಪಾಪಪ್ರಜ್ಞೆಯ ಮೇಲೆ ಬಿಸಿಲು ಬಡಿದದ್ದು ಎಂದ. ಅದೂ ಇರಬಹುದು. ಹಾಗಾದರೆ ಮೂರು ತಿಂಗಳ ಗಬ್ಬದ ಸುದ್ದಿ ಬಿಸಿಲಿಗೆ ಯಾರು ಹೇಳಿದರು? ಚಿತ್ರವನ್ನು ಬೇರೆ, ಧಣಿಯನ್ನು ಬೇರೆ ಇಟ್ಟರೆ ಎರಡಕ್ಕೂ ಏನಾದರೊಂದು ಸಮಾಧಾನ ಹೇಳಬಹುದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನನ್ನ ಓದು, ನನ್ನ ಅಳತೆ ಯಾವುದೂ ನಿಲ್ಲುವುದಿಲ್ಲ.

ನಮ್ಮ ದನಗಳು ಆ ಬೆಳಿಗ್ಗೆ ಹಸಿ ಹುಲ್ಲು ಮೇಯಲು ಬಂದಿದ್ದವೋ, ಸೇಡು ತೀರಿಸಲು ಬಂದಿದ್ದವೋ, ಅಥವಾ ಬಂದೇ ಇರಲಿಲ್ಲವೋ, ನನಗೆ ಇಂದಿಗೂ ತಿಳಿಯದು. ಧಣಿಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ ಎಂಬುದೂ ತಿಳಿಯದು. ಅವರು ಕೈ ಮುಗಿದು ಕೇಳಿದಾಗ ನಾನು ಯಾಕೆ ಹಾಗೆ ಹೇಳಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು.